ಸಂಘದ ಹಣದಲ್ಲಿ ಪಟಾಕಿ: ಈ ವರ್ಷ ಬೇಕೇ, ಬೇಡವೇ?

ಬನಶಂಕರಿ ಕಾರ್ಯದರ್ಶಿ | ಅಕ್ಟೋಬರ್ 11, 2025

ನಮ್ಮದು ಬನಶಂಕರಿಯ ಕಡೆ 64 ಮನೆಗಳ ಅಪಾರ್ಟ್‌ಮೆಂಟ್. ಪ್ರತಿ ದೀಪಾವಳಿಗೂ ಸಂಘದ ಖಾತೆಯಿಂದ ಹದಿನೈದು ಸಾವಿರ ತೆಗೆದು ಪಟಾಕಿ ತರುತ್ತೇವೆ. ಬಲಿಪಾಡ್ಯಮಿಯ ರಾತ್ರಿ ಎಲ್ಲರೂ ಕೆಳಗಿಳಿದು ಹೊಡೆಯುತ್ತೇವೆ. ಈ ಸಲ ಒಂದೇ ದಿನ ನನ್ನ ಕೈಗೆ ಎರಡು ಪತ್ರಗಳು ಬಂದಿವೆ. ಈ ಖರ್ಚನ್ನು ಪೂರ್ತಿ ನಿಲ್ಲಿಸಿ ಎನ್ನುತ್ತದೆ ಒಂದು. ಇಪ್ಪತ್ತೈದು ಸಾವಿರಕ್ಕೆ ಏರಿಸಿ ಎನ್ನುತ್ತದೆ ಇನ್ನೊಂದು. ಎರಡಕ್ಕೂ ಹನ್ನೊಂದು ಹನ್ನೊಂದು ಸಹಿ. ಮೂವರು ಎರಡಕ್ಕೂ ಸಹಿ ಹಾಕಿದ್ದಾರೆ. ಯಾರೆಂದು ಹೇಳಿದರೆ ನಾಳೆ ನನಗೆ ಲಿಫ್ಟಿನಲ್ಲಿ ಜಾಗ ಸಿಗುವುದಿಲ್ಲ.

ನನ್ನ ಮನಸ್ಸೂ ಒಂದೇ ಕಡೆ ನಿಲ್ಲುತ್ತಿಲ್ಲ. ದಾವಣಗೆರೆಯಲ್ಲಿ ನಾವು ಚಿಕ್ಕವರಿದ್ದಾಗ ಅಪ್ಪ ಹಬ್ಬಕ್ಕೆ ವಾರದ ಮುಂಚೆ ಪಟಾಕಿ ತಂದು, ಮೊರದಲ್ಲಿ ಹರಡಿ ಮಹಡಿಯ ಮೇಲೆ ಬಿಸಿಲಿಗಿಡುತ್ತಿದ್ದರು. ನಾಲ್ಕು ಮಕ್ಕಳಿಗೆ ನಾಲ್ಕು ಪಾಲು. ಒಂದು ಸರವನ್ನು ಇಡಿಯಾಗಿ ಹಚ್ಚುವ ದುಂದುಗಾರಿಕೆ ನಮ್ಮ ಮನೆಯಲ್ಲಿ ಇರಲೇ ಇಲ್ಲ. ದಾರ ಬಿಚ್ಚಿ, ಒಂದೊಂದನ್ನೇ ಊದುಬತ್ತಿಯಿಂದ ಹಚ್ಚಿ, ಮೂರು ದಿನ ಬರುವಂತೆ ಹೊಡೆಯುತ್ತಿದ್ದೆವು. ಈಗ ನಮ್ಮ ಗೇಟಿನ ಮುಂದೆ ಹತ್ತು ಸಾವಿರದ ಸರವನ್ನು ಒಬ್ಬರೇ ಹಚ್ಚಿ, ಮೊಬೈಲ್ ಹಿಡಿದು ನಿಲ್ಲುತ್ತಾರೆ.

ಗುರುವಾರ ರಾತ್ರಿ ಸಭೆಯಿದೆ. ನಿಮ್ಮ ಬಡಾವಣೆಗಳಲ್ಲಿ ಏನು ಮಾಡುತ್ತೀರಿ ಎಂದು ಇದರ ಕೆಳಗೆ ನಿಮ್ಮ ನಿಮ್ಮ ಹೆಸರು ಹಾಕಿ ಬರೆದರೆ ಉಪಕಾರವಾಗುತ್ತದೆ.

ಹಬ್ಬ ನಮ್ಮದು

ಮತ್ತೆ ಶುರುವಾಯಿತು. ವರ್ಷವಿಡೀ ಸಿಲ್ಕ್ ಬೋರ್ಡ್‌ನಲ್ಲಿ ನಿಂತು ಹೊಗೆ ಕುಡಿಯುವ ಊರಿಗೆ ಅಕ್ಟೋಬರ್ ಬಂದೊಡನೆ ಉಸಿರಾಟದ ನೆನಪಾಗುತ್ತದೆ. ಚುನಾವಣೆ ಗೆದ್ದವರು ಹೊಡೆಯಬಹುದು, ಕ್ರಿಕೆಟ್ ಗೆದ್ದರೆ ಹೊಡೆಯಬಹುದು, ಡಿಸೆಂಬರ್ 31ರ ನಡುರಾತ್ರಿ ಹೊಡೆಯಬಹುದು. ಅಜ್ಜಿ ಎಣ್ಣೆ ಹಚ್ಚಿ ನೀರೆರೆದ ಮೇಲೆ ಮೊಮ್ಮಗ ಒಂದು ಚಿನಕುರುಳಿ ಹಚ್ಚಿದರೆ ಮಾತ್ರ ಭೂಮಿ ಬಿಸಿಯಾಗುತ್ತದೆ. ಇಪ್ಪತ್ತೈದು ಸಾವಿರ ಕೊಡಿ ಸರ್. ಮಕ್ಕಳಿಗೆ ನೆನಪಿಡುವಂಥದ್ದೊಂದು ಇರಲಿ.

ಕಾಯ್ದೆಪುಸ್ತಕ

ಮೇಲಿನವರ ಸಿಟ್ಟು ಅರ್ಥವಾಗುತ್ತದೆ, ಆದರೆ ದೀಪಾವಳಿಗೆ ಮಾತ್ರ ಕಟ್ಟುಪಾಡು ಎನ್ನುವುದು ಸರಿಯಲ್ಲ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಕೊಟ್ಟ ಆದೇಶದಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10 ಎಂದಿದೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ಕೊಟ್ಟಿರುವುದು ರಾತ್ರಿ 11:55ರಿಂದ 12:30ರವರೆಗೆ ಮಾತ್ರ, ಅಂದರೆ 35 ನಿಮಿಷ. ಲೆಕ್ಕ ಹಾಕಿದರೆ ನಮಗೇ ಹೆಚ್ಚು ಸಿಕ್ಕಿದೆ. ನಮ್ಮ ರಾಜ್ಯದಲ್ಲಿ 2023ರ ಅತ್ತಿಬೆಲೆ ಪಟಾಕಿ ಬೆಂಕಿ ದುರಂತದ ಬೆನ್ನಿಗೇ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮದುವೆ, ರಾಜಕೀಯ ಮೆರವಣಿಗೆ, ಗಣೇಶೋತ್ಸವಗಳಲ್ಲಿ ಪಟಾಕಿ ಕೂಡದು ಎಂದು ಪ್ರಕಟಿಸಿದರು. ಅದನ್ನು ಎಷ್ಟು ಮೆರವಣಿಗೆಗಳು ಪಾಲಿಸಿವೆ ಎಂದು ಕೇಳಬೇಡಿ.

ಕಾರ್ಯದರ್ಶಿಯವರಿಗೆ ಒಂದು ಮಾತು. ಆ ಆದೇಶದಲ್ಲಿ ಸರಪಟಾಕಿಯ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ನಿಷೇಧಿಸಲಾಗಿದೆ. ಅಂದರೆ ನಿಮ್ಮ ಗೇಟಿನ ಮುಂದಿನ ಹತ್ತು ಸಾವಿರದ ಸರ ಏಳು ವರ್ಷಗಳಿಂದ ಕಾನೂನುಬಾಹಿರ. ನಿಮ್ಮ ತಂದೆಯವರು ದಾರ ಬಿಚ್ಚಿ ಹೊಡೆಸುತ್ತಿದ್ದುದೇ ಕೋರ್ಟಿಗೆ ಹತ್ತಿರವಾಗಿತ್ತು.

ಹಂಪಿ ಸುತ್ತಾಟ

ಸಂಪ್ರದಾಯದ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಹೆರಾತಿನ ಆಸ್ಥಾನದಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರದಲ್ಲಿ ಇದ್ದವನು. ಅಲ್ಲಿಯ ಮಹಾನವಮಿಯ ಬಾಣಬಿರುಸುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ, ತಾನೇ ಉರಿಯುತ್ತ ಸುತ್ತಲೂ ಸಿಡಿಮದ್ದು ಎರಚುವ ಕೋಟೆಯಾಕಾರದ ರಚನೆಗಳನ್ನು ಆ ಹಬ್ಬದಲ್ಲಿ ಕಂಡದ್ದನ್ನು ಹೇಳುತ್ತಾನೆ. ಆದ್ದರಿಂದ ಪಟಾಕಿ ನಿನ್ನೆ ಮೊನ್ನೆಯದು ಎನ್ನುವವರು ಸ್ವಲ್ಪ ತಾಳಬೇಕು.

ಆದರೆ ಇನ್ನೊಂದು ಬದಿಯೂ ಇದೆ. ಅದು ಅರಮನೆಯ ವೈಭವ. ಅರಸ ಹೊಡೆಸುತ್ತಿದ್ದ, ಊರು ನೋಡುತ್ತಿತ್ತು. ಮನೆಮನೆಗೂ ಪಟಾಕಿಯ ಡಬ್ಬಿ ಬಂದದ್ದು ಶಿವಕಾಶಿಯ ಕಾರ್ಖಾನೆಗಳು ಬೆಳೆದ ಮೇಲೆ, ಅಂದರೆ ಕಳೆದ ಶತಮಾನದಲ್ಲಿ. ಮದ್ದಿನ ವಿದ್ಯೆ ಹುಟ್ಟಿದ್ದು ಚೀನಾದಲ್ಲಿ. ಅದಕ್ಕೂ ಮುಂಚೆ ದೀಪಾವಳಿ ಇರಲಿಲ್ಲವೇ?

ಸಾಗರ ಸೀಮೆ

ಇತ್ತು. ನಮ್ಮ ಊರುಗಳಲ್ಲಿ ಅದು ಇನ್ನೂ ಇದೆ. ಅಂಟಿಗೆ-ಪಂಟಿಗೆಯವರು ಹಚ್ಚಿದ ದೀಪವನ್ನು ಗಾಳಿಗೆ ಆರದಂತೆ ಮರೆಮಾಡಿಕೊಂಡು, ಹಾಡುತ್ತ ರಾತ್ರಿಯಿಡೀ ಮನೆಯಿಂದ ಮನೆಗೆ ನಡೆಯುತ್ತಾರೆ. ಮನೆಯವರು ಆ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು, ಎಣ್ಣೆ ಎರೆದು ಕಳಿಸಿಕೊಡುತ್ತಾರೆ. ನಾನು ಮಗುವಾಗಿದ್ದಾಗ ನಿದ್ದೆಗಣ್ಣಿನಲ್ಲಿ ಕೇಳಿದ ಆ ದನಿ, ಬಾಗಿಲು ತೆರೆದಾಗ ಅಂಗಳದಲ್ಲಿ ಕಂಡ ಒಂದೇ ಒಂದು ಕುಡಿ ಬೆಳಕು, ಇವೇ ನನಗೆ ದೀಪಾವಳಿ. ಪಟಾಕಿ ಹೊಡೆದದ್ದೂ ಉಂಟು. ಆದರೆ ಅದರ ನೆನಪು ಏಕೋ ಇಷ್ಟು ಸ್ಪಷ್ಟವಾಗಿಲ್ಲ.

ಪಾಡ್ಯದ ದಿನ ಕೊಟ್ಟಿಗೆಯಲ್ಲಿ ಹಸುಗಳಿಗೆ ಅಡಿಕೆ, ಸಿಂಗಾರ, ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡುತ್ತೇವೆ. ಒಂದು ವರ್ಷ ಬೆಂಗಳೂರಿನಿಂದ ಬಂದ ನೆಂಟರ ಹುಡುಗರು ಅದೇ ಹೊತ್ತಿಗೆ ಆಟಂ ಬಾಂಬ್ ಹಚ್ಚಿದರು. ಗಬ್ಬದ ಹಸು ಕಣ್ಣಿ ಕಿತ್ತುಕೊಂಡು ತೋಟಕ್ಕೆ ನುಗ್ಗಿತು. ಪೂಜೆಯ ತಟ್ಟೆ ಹಿಡಿದು ಅಮ್ಮ, ಹಗ್ಗ ಹಿಡಿದು ಅಪ್ಪ, ಇಬ್ಬರೂ ಕತ್ತಲಾಗುವವರೆಗೆ ಅದರ ಹಿಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಸದ್ದಿನ ಪಟಾಕಿ ಇಲ್ಲ. ಯಾವ ಕೋರ್ಟೂ ಹೇಳಿದ್ದಲ್ಲ.

ಚುಕ್ಕಿಯ ಅಪ್ಪ

ಚುಕ್ಕಿ ನಮ್ಮ ನಾಯಿ. ಮೈಸೂರಿನಲ್ಲಿ ದಸರೆಯ ಆನೆ ಕುದುರೆಗಳಿಗೆ ಕುಶಾಲತೋಪಿನ ಸದ್ದು ಅಭ್ಯಾಸವಾಗಲಿ ಎಂದು ವಾರಗಳ ಮುಂಚೆಯೇ ಫಿರಂಗಿ ಹಾರಿಸಿ ತಾಲೀಮು ಕೊಡುತ್ತಾರೆ. ಜಂಬೂಸವಾರಿಯ ದಿನ ಸಿಡಿಯುವುದು 21 ಸುತ್ತು. ಅಷ್ಟಕ್ಕೇ ಆನೆಗೆ ತರಬೇತಿ ಬೇಕು. ನಮ್ಮ ಚುಕ್ಕಿಗೆ ಯಾರೂ ತಾಲೀಮು ಕೊಟ್ಟಿಲ್ಲ. ಮೂರು ರಾತ್ರಿ ಸ್ನಾನದ ಮನೆಯ ಮೂಲೆಯಲ್ಲಿ ನಡುಗುತ್ತ ಕೂರುತ್ತಾಳೆ, ಪಕ್ಕದಲ್ಲಿ ನಾನು. ನನ್ನ ಹೋಳಿಗೆಯೂ ಅಲ್ಲಿಯೇ.

ಹಬ್ಬ ನಮ್ಮದು

ಚುಕ್ಕಿಯ ವಿಷಯದಲ್ಲಿ ನನ್ನ ವಾದವಿಲ್ಲ. ನಮ್ಮ ಬೀದಿಯ ನಾಯಿಗಳೂ ಹಾಗೆಯೇ. ಆದರೆ ಬೆಳಕಿನ ಪಟಾಕಿಗೆ ಏನು ಅಡ್ಡಿ? ಹೂಕುಂಡ, ನೆಲಚಕ್ರ, ಸುರುಸುರುಬತ್ತಿ. ಸದ್ದಿಲ್ಲ, ಯಾರಿಗೂ ತೊಂದರೆಯಿಲ್ಲ.

ನರ್ಸಮ್ಮ

ನೀವು ಹೂಕುಂಡವನ್ನು ನಿರಪಾಯ ಎಂದಿರಿ. ಮೂವತ್ತೊಂದು ವರ್ಷ ಕಣ್ಣಿನ ವಾರ್ಡುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ನಗರದ ಮಿಂಟೋ ಆಸ್ಪತ್ರೆ ದೀಪಾವಳಿಗೆಂದೇ ಪ್ರತಿ ವರ್ಷ ಹಾಸಿಗೆಗಳನ್ನು ತೆಗೆದಿಡುತ್ತದೆ. ನಾನಿದ್ದುದು ಬೇರೆ ಕಡೆ, ಆದರೆ ಆ ಮೂರು ರಾತ್ರಿ ಎಲ್ಲ ಕಡೆಯೂ ಒಂದೇ. ಹಬ್ಬದ ಹೊಸ ಬಟ್ಟೆಯಲ್ಲೇ ಮಕ್ಕಳು ಬರುತ್ತಿದ್ದವು. ಬಟ್ಟೆಯ ಬೆಲೆಚೀಟಿ ಕೂಡ ಕೆಲವೊಮ್ಮೆ ಕತ್ತರಿಸಿರುತ್ತಿರಲಿಲ್ಲ.

ಹೂಕುಂಡ ಹತ್ತಲಿಲ್ಲ ಎಂದು ಬಗ್ಗಿ ನೋಡಿದವರು ಬರುತ್ತಿದ್ದರು. ಬಾಂಬಿನ ಮೇಲೆ ತೆಂಗಿನ ಕರಟವನ್ನೋ ತಗಡಿನ ಡಬ್ಬವನ್ನೋ ಮುಚ್ಚಿ ಹಾರಿಸಲು ಹೋದವರು ಬರುತ್ತಿದ್ದರು. ಆದರೆ ನನ್ನನ್ನು ಹೆಚ್ಚು ಕಾಡುವವರು ಏನನ್ನೂ ಹಚ್ಚದವರು. ಬಾಲ್ಕನಿಯಲ್ಲಿ ನಿಂತಿದ್ದವರು, ಹಾಲು ತರಲು ಹೋಗುತ್ತಿದ್ದವರು, ಸ್ಕೂಟರಿನಲ್ಲಿ ಹಿಂದೆ ಕುಳಿತಿದ್ದವರು. ಒಬ್ಬ ಹೂ ಮಾರುವ ಹೆಂಗಸು ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದಳು. ಹಚ್ಚಿದವರು ಯಾರೆಂದು ಅವಳಿಗೆ ತಿಳಿಯಲೇ ಇಲ್ಲ. ಪಟಾಕಿ ನನ್ನ ಇಷ್ಟ, ನನ್ನ ಹಕ್ಕು ಎಂದು ಯಾರಾದರೂ ಹೇಳಿದಾಗ ನನಗೆ ಆ ಬುಟ್ಟಿ ನೆನಪಾಗುತ್ತದೆ.

ಸಂಘ ಏನೇ ನಿರ್ಧರಿಸಲಿ, ಇಷ್ಟು ಬರೆದು ಅಂಟಿಸಿ: ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಒತ್ತಬಾರದು, ಬೆಣ್ಣೆ, ಎಣ್ಣೆ, ಮನೆಯಲ್ಲಿರುವ ಹಳೆಯ ಡ್ರಾಪ್ಸ್ ಹಾಕಬಾರದು. ಶುಭ್ರವಾದ ಚಿಕ್ಕ ಬಟ್ಟಲನ್ನು ಕಣ್ಣಿಗೆ ತಾಗದಂತೆ ಮೇಲೆ ಕವುಚಿ ಹಿಡಿದುಕೊಂಡು ನೇರ ಆಸ್ಪತ್ರೆಗೆ.

ಬನಶಂಕರಿ ಕಾರ್ಯದರ್ಶಿ

ಅಮ್ಮ, ಇದನ್ನು ಹಾಗೆಯೇ ನೋಟಿಸ್ ಬೋರ್ಡಿಗೆ ಹಾಕುತ್ತೇನೆ.

ಚೀಟಿ ಅಂಗಡಿ

ನಾನು ಪಟಾಕಿ ಮಾರುವವನು. ಇಲ್ಲಿ ಬೈಗುಳ ಬೀಳುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮ ಕಡೆ ನೂರಿಪ್ಪತ್ತು ಮನೆಗಳವರು ನನ್ನ ಹತ್ತಿರ ಪಟಾಕಿ ಚೀಟಿ ಹಾಕುತ್ತಾರೆ. ತಿಂಗಳಿಗೆ ಮುನ್ನೂರು, ಹತ್ತು ತಿಂಗಳು, ಹಬ್ಬಕ್ಕೆ ಒಂದು ಪೆಟ್ಟಿಗೆ ಪಟಾಕಿ, ಜೊತೆಗೆ ಒಂದು ಕಿಲೋ ಸಿಹಿ. ಮನೆಗೆಲಸದವರು, ಆಟೋದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ನಿಮ್ಮ ಅಪಾರ್ಟ್‌ಮೆಂಟಿನ ಹದಿನೈದು ಸಾವಿರದ ಬಗ್ಗೆ ಸಭೆ ನಡೆಯುತ್ತದೆ. ಅವರು ಜನವರಿಯಿಂದಲೇ ತೀರ್ಮಾನ ಮಾಡಿ ಕಟ್ಟಿದ್ದಾರೆ.

ಅತ್ತಿಬೆಲೆಯ ವಿಷಯ ಬಂತು. 2023ರ ಅಕ್ಟೋಬರ್ 7, ಶನಿವಾರ. ಲಾರಿಯಿಂದ ಸರಕು ಇಳಿಸುವಾಗ ಹತ್ತಿಕೊಂಡಿತು. ಅಂದು 14 ಮಂದಿ ಸತ್ತರು, ಆಮೇಲೆ ಆಸ್ಪತ್ರೆಯಲ್ಲಿ ಇನ್ನೂ ಕೆಲವರು. ಹೆಚ್ಚಿನವರು ತಮಿಳುನಾಡಿನ ಹಳ್ಳಿಗಳಿಂದ ಹಬ್ಬದ ಕೂಲಿಗೆ ಬಂದ ಹುಡುಗರು, ಕಾಲೇಜಿನಲ್ಲಿ ಓದುತ್ತಿದ್ದವರೂ ಇದ್ದರು. ಆ ವಾರ ನನ್ನ ಮಳಿಗೆಗೆ ಬರುವ ಹುಡುಗನ ತಾಯಿ ಫೋನ್ ಮಾಡಿ, ಮಗನನ್ನು ವಾಪಸ್ ಕಳಿಸಿ ಸ್ವಾಮಿ ಎಂದು ಅತ್ತರು. ಕಳಿಸಿದೆ. ನಿಯಮದ ಪ್ರಕಾರ ಮೈದಾನದಲ್ಲಿ ಹಾಕುವ ತಾತ್ಕಾಲಿಕ ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಜಾಗ ಬಿಡಬೇಕು, ಎದುರುಬದುರು ಇರಬಾರದು. ನಾನು ಪಾಲಿಸುತ್ತೇನೆ. ಪಾಲಿಸದವನ ಮಳಿಗೆಯಲ್ಲಿ ನನಗಿಂತ ಕಡಿಮೆ ಬೆಲೆ ಇರುತ್ತದೆ, ಜನ ಅಲ್ಲಿಗೇ ಹೋಗುತ್ತಾರೆ. ನಿಷೇಧಿಸಿ ಎನ್ನುವವರೂ ಚೌಕಾಸಿ ಮಾಡುವಾಗ ಇದನ್ನು ನೆನೆಯುವುದಿಲ್ಲ.

ಕಾಯ್ದೆಪುಸ್ತಕ

ಅಂಗಡಿಯವರ ಪ್ರಾಮಾಣಿಕತೆ ಮೆಚ್ಚಬೇಕಾದದ್ದು. ಶಿವಕಾಶಿಯ ಕಡೆಯ ಲೆಕ್ಕವೂ ಇರಲಿ. ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಎಂಬಿಬ್ಬರು 1920ರ ದಶಕದಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದದ್ದರಿಂದ ಆ ಒಣಭೂಮಿಗೆ ಅನ್ನ ಸಿಕ್ಕಿತು. ಅದೇ ಊರಿನ ಬಳಿಯ ಮುದಲಿಪಟ್ಟಿಯಲ್ಲಿ 2012ರ ಸೆಪ್ಟೆಂಬರ್ 5ರಂದು ಕಾರ್ಖಾನೆ ಸಿಡಿದು ಸುಮಾರು 40 ಮಂದಿ ಸತ್ತರು. ನಮ್ಮದೇ ಬೆಳ್ತಂಗಡಿ ತಾಲ್ಲೂಕಿನ ಕುಕ್ಕೇಡಿಯಲ್ಲಿ 2024ರ ಜನವರಿಯಲ್ಲಿ ಸುಡುಮದ್ದಿನ ಘಟಕ ಸಿಡಿದು ಮೂವರು ಹೋದರು. ಹಬ್ಬದ ದಿನದ ಗಾಯಗಳನ್ನು ಎಣಿಸುತ್ತೇವೆ, ಹಬ್ಬಕ್ಕೆ ಮುಂಚಿನವನ್ನು ಬೇರೆ ಪುಟದಲ್ಲಿ ಓದಿ ಮರೆಯುತ್ತೇವೆ.

ಕುಂಬಳೆ ಮಾಸ್ತರ

ಸುಡುಮದ್ದು ಎಂಬ ಮಾತು ಬಂದಮೇಲೆ ಸುಮ್ಮನಿರಲು ಆಗಲಿಲ್ಲ. ನಮ್ಮಲ್ಲಿ ದೀಪಾವಳಿಗಿಂತ ಜಾತ್ರೆಗೆ ಮದ್ದು ಹೆಚ್ಚು. ಜನವರಿಯಲ್ಲಿ ಕುಂಬಳೆಯ ಗೋಪಾಲಕೃಷ್ಣನ ಉತ್ಸವಕ್ಕೆ ಬರುವವರು ಜಾತ್ರೆಗೆ ಹೋಗುತ್ತೇನೆ ಎನ್ನುವುದಿಲ್ಲ, ‘ಬೆಡಿಗೆ ಹೋಗುತ್ತೇನೆ’ ಎನ್ನುತ್ತಾರೆ. ಬೆಡಿ ಎಂದರೆ ಇದೇ ಸುಡುಮದ್ದು. ಗದ್ದೆಯ ಬದುವಿನಲ್ಲಿ ಅಜ್ಜನ ಹೆಗಲ ಮೇಲೆ ಕುಳಿತು ನಾನೂ ನೋಡಿದವನೇ. ಎದೆಗೂಡಿನ ಒಳಗೆ ಸದ್ದು ಬಡಿದಾಗ ಹೆದರಿಕೆಯೂ ಸುಖವೂ ಒಟ್ಟಿಗೆ ಆಗುತ್ತಿತ್ತು. ಅದನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ.

ಹಾಗೆಂದು ಕಣ್ಣು ಮುಚ್ಚಿಕೊಳ್ಳಲೂ ಆಗದು. ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಏಪ್ರಿಲ್ 10ರಂದು ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ನಡೆಯುತ್ತಿದ್ದುದು ಸ್ಪರ್ಧೆ, ಅದಕ್ಕೆ ಜಿಲ್ಲಾಡಳಿತ ಅನುಮತಿ ನಿರಾಕರಿಸಿತ್ತು. ನಮ್ಮ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ ಕೊನೆಗೆ, ತೆಯ್ಯಂ ಎಂಬ ದೈವಾರಾಧನೆಯ ಕುಣಿತ ನಡೆಯುತ್ತಿದ್ದಾಗ ಹೊಡೆದ ಪಟಾಕಿಯ ಕಿಡಿ ದಾಸ್ತಾನಿದ್ದ ಕೊಠಡಿಗೆ ಬಿದ್ದು 150ಕ್ಕೂ ಹೆಚ್ಚು ಮಂದಿ ಸುಟ್ಟುಕೊಂಡರು, ಕೆಲವರು ಬದುಕಲಿಲ್ಲ. ಮಂಗಳೂರಿನ ಆಸ್ಪತ್ರೆಗಳಿಗೂ ಗಾಯಾಳುಗಳನ್ನು ಒಯ್ದಿದ್ದರು. ಕೊಠಡಿ ಇದ್ದುದು ಜನ ನಿಂತಿದ್ದ ಜಾಗದ ಪಕ್ಕದಲ್ಲೇ. ದೇವರು ಕಾಯುತ್ತಾನೆ ಎಂದುಕೊಂಡು ನಾವು ಅಳತೆಪಟ್ಟಿಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತೇವೆ.

ಬೆಡಿ ನಿಲ್ಲಲಿ ಎಂದು ನನಗೆ ಹೇಳಲು ಬಾಯಿ ಬರುವುದಿಲ್ಲ. ಗದ್ದೆ ಇರುವವರೆಗೆ, ದೂರ ಇರುವವರೆಗೆ ನಡೆಯಲಿ. ಆದರೆ ಆ ಗದ್ದೆಯಲ್ಲೇ ಈಗ ಮನೆಗಳು ಏಳುತ್ತಿವೆ.

ಐಂಡ್‌ಹೋವನ್ ಕನ್ನಡಿಗ

ನೆದರ್‌ಲ್ಯಾಂಡ್ಸ್‌ನಿಂದ. ಇಲ್ಲಿಯವರಿಗೆ ಹೊಸ ವರ್ಷವೇ ದೀಪಾವಳಿ. ವರ್ಷದ ಕೊನೆಯ ಮೂರು ದಿನ ಮಾತ್ರ ಪಟಾಕಿ ಮಾರಾಟ, ಡಿಸೆಂಬರ್ 31ರ ಸಂಜೆ 6ರಿಂದ ರಾತ್ರಿ 2ರವರೆಗೆ ಮಾತ್ರ ಹೊಡೆಯಬಹುದು. ಆ ರಾತ್ರಿ ನಮ್ಮ ಬೀದಿ ನೋಡಿದರೆ ಬೆಂಗಳೂರು ಶಾಂತ ಎನಿಸುತ್ತದೆ. ಒಂದು ಕೈಯಲ್ಲಿ ರಾಕೆಟ್, ಇನ್ನೊಂದರಲ್ಲಿ ಓಲಿಬೋಲ್ಲೆನ್. ಅದು ನಮ್ಮ ಮಂಗಳೂರು ಬನ್ಸ್‌ನ ದೂರದ ನೆಂಟ.

ಎನ್‌ಸ್ಖೆಡೆ ಎಂಬ ಊರಿನಲ್ಲಿ 2000ದ ಮೇ 13ರಂದು ಪಟಾಕಿ ಗೋದಾಮು ಸಿಡಿದು 23 ಮಂದಿ ಸತ್ತು ಒಂದು ಬಡಾವಣೆಯೇ ನೆಲಸಮವಾಯಿತು. ಆಗಲೂ ಜನ ಬಿಡಲಿಲ್ಲ. ಕೊನೆಗೂ 2025ರಲ್ಲಿ ಸಂಸತ್ತು ಕಾನೂನು ಮಾಡಿದೆ: 2026ರ ವರ್ಷಾಂತ್ಯದಿಂದ ಜನಸಾಮಾನ್ಯರು ಪಟಾಕಿ ಹೊಡೆಯುವಂತಿಲ್ಲ. ಸುರುಸುರುಬತ್ತಿಯಂಥ ಸಣ್ಣವು ಉಳಿಯುತ್ತವೆ. ಬಡಾವಣೆಯ ಸಂಘಗಳು ಮೇಯರ್ ಅನುಮತಿ ಪಡೆದು ಒಟ್ಟಾಗಿ ಹೊಡೆಯಬಹುದು. ನನ್ನ ಡಚ್ ಸಹೋದ್ಯೋಗಿಗಳು ಇದನ್ನು ನಮ್ಮ ಸಂಸ್ಕೃತಿಯ ಮೇಲಿನ ದಾಳಿ ಎನ್ನುತ್ತಾರೆ. ‘ಹಬ್ಬ ನಮ್ಮದು’ ಅವರೇ, ನಿಮ್ಮ ಬರಹವನ್ನು ಅವರಿಗೆ ಅನುವಾದಿಸಿ ಕೊಟ್ಟರೆ ಸಹಿ ಹಾಕುತ್ತಾರೆ.

ಹಬ್ಬ ನಮ್ಮದು

ನಕ್ಕೆ. ಕೊಡಿ, ಅಭ್ಯಂತರವಿಲ್ಲ.

ಹಾಗಾದರೆ ಸರಿ, ಹಸಿರು ಪಟಾಕಿ ತರೋಣ. ಅಲ್ಲಿಗೆ ಎಲ್ಲರ ತಕರಾರೂ ಮುಗಿಯಿತಲ್ಲ?

ಕಾಯ್ದೆಪುಸ್ತಕ

ಹಸಿರು ಎಂದರೆ ಹೊಗೆ ಇಲ್ಲ ಎಂದಲ್ಲ. ನಾಗಪುರದ ನೀರಿ ಎಂಬ ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿದ ಆ ಸೂತ್ರದ ಭರವಸೆ, ಸೂಕ್ಷ್ಮ ಕಣಗಳು ಸುಮಾರು ಶೇ 30ರಷ್ಟು ಕಡಿಮೆ ಎಂಬುದು. ಉಳಿದ 70 ನಿಮ್ಮ ಶ್ವಾಸಕೋಶಕ್ಕೇ. ಸದ್ದಿನ ಮಿತಿ 4 ಮೀಟರ್ ದೂರದಲ್ಲಿ 125 ಡೆಸಿಬಲ್, ಅದೇನೂ ಪಿಸುಮಾತಲ್ಲ. ಇನ್ನೊಂದು ತಮಾಷೆ: ಉರಿಗೆ ಹಸಿರು ಬಣ್ಣ ಕೊಡುವುದು ಬೇರಿಯಂ ಲವಣ. ಅದನ್ನು ನಿಷೇಧಿಸಿರುವುದರಿಂದ ಹಸಿರು ಪಟಾಕಿಯಲ್ಲಿ ಅದು ಇರಕೂಡದು. ಪೆಟ್ಟಿಗೆಯ ಮೇಲೆ ಕ್ಯೂಆರ್ ಕೋಡ್ ಇರಬೇಕು. ಸ್ಕ್ಯಾನ್ ಮಾಡಿ ನೋಡಿ ಕೊಳ್ಳಿ. ಹಸಿರು ಎಲೆಯ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಸದ್ದಿಲ್ಲದ್ದು ಸಾಧು ಎಂಬ ಮಾತಿಗೂ ಒಂದು ಉತ್ತರವಿದೆ. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ 2016ರಲ್ಲಿ ಮಕ್ಕಳು ಹೆಚ್ಚಾಗಿ ಹಚ್ಚುವ ಆರು ಬಗೆಯ ಪಟಾಕಿಗಳ ಹೊಗೆಯನ್ನು ಅಳೆಯಿತು. ಅತಿ ಹೆಚ್ಚು ಸೂಕ್ಷ್ಮ ಕಣ ಉಗುಳಿದ್ದು ಯಾವುದು ಗೊತ್ತೇ? ಸಾವಿರದ ಸರ ಎರಡನೆಯದು. ಮೊದಲನೆಯದು ಹಾವಿನ ಮಾತ್ರೆ.

ನರ್ಸಮ್ಮ

ಹಾವಿನ ಮಾತ್ರೆಯೇ? ಅದನ್ನು ಪಟಾಕಿ ಎಂದೇ ಲೆಕ್ಕ ಹಿಡಿದಿರಲಿಲ್ಲ. ಮೊಮ್ಮಗಳಿಗೆ ಮೊದಲು ಕೊಡಿಸಿದ್ದೇ ಅದು. ಮುಖವನ್ನು ಹೊಗೆಗೆ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತು ಹಾವು ಏಳುವುದನ್ನು ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತಿದ್ದೆ.

ಸಾಗರ ಸೀಮೆ

ನಮ್ಮ ಮನೆಯ ಜಗುಲಿಯಲ್ಲಿ ಆ ಕಪ್ಪು ಕಲೆ ಇನ್ನೂ ಇದೆ.

ಚುಕ್ಕಿಯ ಅಪ್ಪ | ಅಕ್ಟೋಬರ್ 15

ದೆಹಲಿಯಲ್ಲಿ ಪೂರ್ತಿ ನಿಷೇಧವಿತ್ತಲ್ಲ, ಇಂದು ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿದೆ. ಹಸಿರು ಪಟಾಕಿ ಮಾತ್ರ. ಮಾರಾಟ 18ರಿಂದ 20ರವರೆಗೆ, ಹೊಡೆಯುವುದು ದೀಪಾವಳಿಯಂದು ಮತ್ತು ಅದರ ಹಿಂದಿನ ದಿನ, ಬೆಳಿಗ್ಗೆ ಒಂದು ಗಂಟೆ, ರಾತ್ರಿ ಎರಡು ಗಂಟೆ. ನಾಳೆ ಸಭೆಯಲ್ಲಿ ಯಾರಾದರೂ ಇದನ್ನೇ ಹಿಡಿದುಕೊಂಡು ಬರುತ್ತಾರೆ, ಸಿದ್ಧರಾಗಿರಿ.

ಕಾಯ್ದೆಪುಸ್ತಕ

ಅದು ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಮಾತ್ರ. ನಮ್ಮಲ್ಲಿಯ ಗೊಂದಲವೇ ನಮಗೆ ಸಾಕು. 2020ರ ನವೆಂಬರಿನಲ್ಲಿ ಯಡಿಯೂರಪ್ಪನವರು ಪಟಾಕಿ ನಿಷೇಧ ಎಂದರು, ಅದರ ಬೆನ್ನಿಗೇ ಹಸಿರು ಪಟಾಕಿ ಆಗಬಹುದು ಎಂದರು. ಸರ್ಕಾರಕ್ಕೂ ಎರಡು ಪತ್ರಗಳು ಬಂದಿರಬೇಕು, ಎರಡಕ್ಕೂ ಸಹಿ ಹಾಕಿರಬೇಕು.

ಸಭೆಗೆ ಉಪಯೋಗಕ್ಕೆ ಬರುವಂಥದ್ದು 2018ರ ಆದೇಶದಲ್ಲೇ ಇನ್ನೊಂದಿದೆ. ಮನೆಮನೆಯ ಮುಂದೆ ಹೊಡೆಯುವ ಬದಲು, ಗುರುತಿಸಿದ ಒಂದು ಜಾಗದಲ್ಲಿ ಎಲ್ಲರೂ ಸೇರಿ ಹೊಡೆಯುವ ಏರ್ಪಾಡನ್ನು ಕೋರ್ಟ್ ಮುಂದಿಟ್ಟಿತ್ತು. ನಿಮ್ಮ ಹದಿನೈದು ಸಾವಿರ ಅದಕ್ಕೆ ಹೊಂದುತ್ತದೆ.

ಬನಶಂಕರಿ ಕಾರ್ಯದರ್ಶಿ | ಅಕ್ಟೋಬರ್ 17

ಸಭೆ ರಾತ್ರಿ ಹನ್ನೊಂದೂಮುಕ್ಕಾಲಿಗೆ ಮುಗಿಯಿತು. ಕೂಗಾಟವೂ ಆಯಿತು, ಮೈಸೂರುಪಾಕೂ ಆಯಿತು. ಮೈಸೂರಿನಲ್ಲಿ 2024ರಿಂದ ಬನ್ನಿಮಂಟಪದಲ್ಲಿ ಮಾಡುವಂತೆ ಡ್ರೋನ್ ಹಾರಿಸೋಣ ಎಂದು ಒಬ್ಬರು ಸೂಚಿಸಿದರು. ದುಡ್ಡು ಯಾರು ಕೊಡುತ್ತಾರೆ ಎಂದು ಖಜಾಂಚಿ ಕೇಳಿದ ಮೇಲೆ ಕುಳಿತರು.

ತೀರ್ಮಾನ ಹೀಗಿದೆ. ಸಂಘದಿಂದ ಎಂಟು ಸಾವಿರ ಮಾತ್ರ. ಕ್ಯೂಆರ್ ಕೋಡ್ ನೋಡಿಯೇ ಖರೀದಿ. ಹಿಂದಿನ ಪಾರ್ಕಿಂಗ್ ಜಾಗದಿಂದ ಕಾರುಗಳನ್ನು ತೆಗೆಸಿ, ಅಲ್ಲಿ ಮಾತ್ರ, ಬಲಿಪಾಡ್ಯಮಿಯಂದು ರಾತ್ರಿ 8ರಿಂದ 9. ಎರಡು ಬಕೆಟ್ ಮರಳು, ಎರಡು ಬಕೆಟ್ ನೀರು. ಬೆಳಕಿನವು ಮಾತ್ರ, ಸರ, ಬಾಂಬ್, ರಾಕೆಟ್ ಇಲ್ಲ. ಹತ್ತದ ಪಟಾಕಿಯ ಹತ್ತಿರ ಯಾರೂ ಹೋಗುವಂತಿಲ್ಲ, ಅದು ವಾಚ್‌ಮನ್ ಕೆಲಸವೂ ಅಲ್ಲ, ನನ್ನ ಕೆಲಸ. ಒಂಬತ್ತಾದ ಮೇಲೆ ಸದ್ದು ಬಂದರೆ ಚುಕ್ಕಿಯ ಅಪ್ಪನಂಥವರು ನಮ್ಮಲ್ಲೂ ಇದ್ದಾರೆ, ಅವರು ನೇರವಾಗಿ ನನ್ನ ಬಾಗಿಲು ತಟ್ಟಬಹುದು. ಉಳಿದ ಏಳು ಸಾವಿರಕ್ಕೆ ಮೂರು ದಿನವೂ ಮೆಟ್ಟಿಲುಗಳಿಗೆ ಹಣತೆ. ಪೂರ್ತಿ ನಿಲ್ಲಿಸಿ ಎಂದವರಲ್ಲಿ ಇಬ್ಬರು ಇದಕ್ಕೂ ಒಪ್ಪದೆ ಎದ್ದು ಹೋದರು. ಅವರನ್ನು ಕೂರಿಸಿಕೊಳ್ಳಲು ನನಗೆ ಆಗಲಿಲ್ಲ. ಅವರಲ್ಲೊಬ್ಬರ ಮಗನಿಗೆ ಉಬ್ಬಸವಿದೆ. ಆ ಗಂಟೆಯಲ್ಲಿ ಅವರು ಊರಾಚೆ ಅಕ್ಕನ ಮನೆಗೆ ಹೋಗುತ್ತಾರಂತೆ.

ಎರಡೂ ಪತ್ರಗಳಿಗೆ ಸಹಿ ಹಾಕಿದ್ದ ಆ ಮೂವರು ಇದಕ್ಕೂ ಸಹಿ ಹಾಕಿದರು.

ಹಾವಿನ ಮಾತ್ರೆಯನ್ನು ನಾನೇ ಪಟ್ಟಿಯಿಂದ ಹೊಡೆದುಹಾಕಿದ್ದೆ. ಇಂದು ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಮೂರನೆಯ ಪತ್ರ ಸಿಕ್ಕಿತು. ‘ಹಾವಿನ ಮಾತ್ರೆ ವಾಪಸ್ ಕೊಡಿ ಅಂಕಲ್’. ಏಳು ಸಹಿ, ಎಲ್ಲವೂ ಬಣ್ಣದ ಪೆನ್ಸಿಲಿನಲ್ಲಿ.

ಚೀಟಿ ಅಂಗಡಿ

ನನ್ನ ಪೆಟ್ಟಿಗೆಗಳಲ್ಲಿ ಒಂದೊಂದು ಡಬ್ಬಿ ಹಾವಿನ ಮಾತ್ರೆ ಇದೆ ಸರ್. ನೂರಿಪ್ಪತ್ತನ್ನೂ ಬಿಚ್ಚಿ ತೆಗೆಯುತ್ತಿದ್ದೇನೆ, ಬದಲಿಗೆ ಸುರುಸುರುಬತ್ತಿ ಇಡುತ್ತೇನೆ. ನಿಮ್ಮ ಏಳು ಜನಕ್ಕೂ ಒಂದೊಂದು ಡಬ್ಬಿ ಸುರುಸುರುಬತ್ತಿ ಕಳಿಸಿಕೊಡುತ್ತೇನೆ. ಹಣ ಬೇಡ.

ನರ್ಸಮ್ಮ

ಸುರುಸುರುಬತ್ತಿ ಮುಗಿದ ಮೇಲೆ ತಂತಿಯನ್ನು ನೆಲಕ್ಕೆ ಎಸೆಯಲು ಬಿಡಬೇಡಿ, ಬರಿಗಾಲಿನ ಮಕ್ಕಳು ತುಳಿಯುತ್ತಾರೆ. ಅದಕ್ಕೆಂದೇ ಮೂರನೆಯ ಬಕೆಟ್ ಇಡಿ.